ಫೇಶಿಯಾ ಕೆಟ್ಟಾಗ ಮೈ ಕೊಡುವ ಸುಳಿವುಗಳು

"ಕತ್ತು ಹಿಡ್ಕೊಂಡಿದೆ", "ಸೊಂಟ ಹಿಡ್ಕೊಂಡಿದೆ", "ವಾಯು ಸೇರ್ಕೊಂಡಿದೆ". ಮೈಕೈ ನೋವಿಗೆ ನಮ್ಮ ಮನೆಗಳಲ್ಲಿ ಬಹಳ ಕಾಲದಿಂದ ಕೇಳಿಬರುವ ಮಾತುಗಳಿವು. ಈಚೆಗೆ ಈ ಸಾಲಿಗೆ ಇನ್ನೊಂದು ಸೇರಿದೆ: "ನಿಮ್ಮ ಫೇಶಿಯಾ ಟೈಟ್ ಆಗಿದೆ." ಫೇಶಿಯಾ ಅಂದರೆ ಸ್ನಾಯು, ಅಂಗಗಳನ್ನು ಸುತ್ತಿರುವ ಪೊರೆ. ಫಿಸಿಯೋಥೆರಪಿ ಕ್ಲಿನಿಕ್ಕಿನ ಬೋರ್ಡಿನಲ್ಲಿ, ಜಿಮ್ಮಿನಲ್ಲಿ, ಯೋಗ ಕ್ಲಾಸಿನಲ್ಲಿ, ಮೊಬೈಲಿನ ರೀಲ್ಸ್‌ನಲ್ಲಿ ಎಲ್ಲೆಲ್ಲೂ ಇದೇ ಮಾತು. ತಲೆನೋವಿಗೂ ಫೇಶಿಯಾ ಕಾರಣ, ಸುಸ್ತಿಗೂ ಅದೇ, ಮುಖದ ಸುಕ್ಕಿಗೂ ಅದೇ ಎನ್ನುವವರಿದ್ದಾರೆ.

ಎಲ್ಲದಕ್ಕೂ ಕಾರಣ ಎಂದು ಹೇಳಿದ್ದು ಸಾಮಾನ್ಯವಾಗಿ ಯಾವುದಕ್ಕೂ ಸರಿಯಾಗಿ ಕಾರಣವಾಗಿರುವುದಿಲ್ಲ, ಅಲ್ವಾ? ಹಾಗಂತ ಫೇಶಿಯಾ ಸುಳ್ಳಲ್ಲ. ಅದಕ್ಕೆ ನಿಜವಾದ ಕಾಯಿಲೆಗಳಿವೆ. ಒಂದೊಂದಕ್ಕೂ ಬೇರೆ ಬೇರೆ ಗುರುತಿದೆ. ಕೆಲವನ್ನು ಮನೆಯಲ್ಲೇ ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ಅಂದಾಜು ಮಾಡಬಹುದು. ಎರಡು ಮಾತ್ರ ಗಂಟೆಗಳ ಲೆಕ್ಕದಲ್ಲಿ ಪ್ರಾಣಕ್ಕೋ ಕೈಕಾಲಿಗೋ ಕುತ್ತು ತರುವಂಥವು. ಇವನ್ನು ಬೇರ್ಪಡಿಸುವಾಗ ನೋವು ಎಷ್ಟು ಜೋರಾಗಿದೆ ಎನ್ನುವುದಕ್ಕಿಂತ ಅದು ಹೇಗೆ ನಡೆದುಕೊಳ್ಳುತ್ತದೆ ಎನ್ನುವುದೇ ಹೆಚ್ಚು ಹೇಳುತ್ತದೆ. ಯಾವ ಹೊತ್ತಿಗೆ ಬರುತ್ತದೆ, ಓಡಾಡಿದರೆ ಇಳಿಯುತ್ತದೋ ಏರುತ್ತದೋ, ಮುಟ್ಟಿದರೆ ಒಳಗೆ ಏನು ಸಿಗುತ್ತದೆ ಎಂಬುದನ್ನು ನೋಡಬೇಕು.

## ಇದು ಇರುವುದಾದರೂ ಎಲ್ಲಿ?

ಅಂಗಡಿಯಿಂದ ತಂದ ಮಟನ್ ತೊಳೆಯುವಾಗ ತುಂಡಿನ ಮೇಲೆ ತೆಳ್ಳಗೆ, ಬೆಳ್ಳಗೆ, ಸ್ವಲ್ಪ ಹೊಳೆಯುವ ಪೊರೆ ಕಾಣುತ್ತದೆ. ಕೈಯಲ್ಲಿ ಎಳೆದರೆ ಸುಲಭಕ್ಕೆ ಹರಿಯುವುದಿಲ್ಲ, ಚಾಕುವೇ ಬೇಕು. ಅದೇ ಫೇಶಿಯಾ. ಮಾಂಸ ಮುಟ್ಟದವರು ಒಂದು ಚಕ್ಕೋತ ಬಿಡಿಸಿ ನೋಡಬಹುದು, ದೇವನಹಳ್ಳಿಯದೇ ಸಿಕ್ಕರೆ ಇನ್ನೂ ಒಳ್ಳೆಯದು. ಸಿಪ್ಪೆಯ ಕೆಳಗೆ ಮೆತ್ತನೆಯ ಬಿಳಿ ಪದರ. ಅದರೊಳಗೆ ಪ್ರತಿ ತೊಳೆಗೂ ಸುತ್ತಿಕೊಂಡ ಗಟ್ಟಿ ಪೊರೆ. ತೊಳೆ ಸುಲಿದರೆ ರಸ ತುಂಬಿದ ಒಂದೊಂದು ಎಸಳಿಗೂ ಮತ್ತೆ ತನ್ನದೇ ಪುಟ್ಟ ಚೀಲ. ನಮ್ಮ ಮೈಯಲ್ಲೂ ಇದೇ ಏರ್ಪಾಡು. ಚರ್ಮದ ಕೆಳಗೆ ಕೊಬ್ಬಿನ ಜೊತೆ ಬೆರೆತ ಸಡಿಲ ಪದರವಿದೆ. ಅದಕ್ಕೆ ಮೇಲ್ಪದರದ ಫೇಶಿಯಾ ಎನ್ನುತ್ತಾರೆ. ಅದರ ಕೆಳಗೆ ಸ್ನಾಯುಗಳನ್ನು ಬಿಗಿಯಾಗಿ ಸುತ್ತಿದ ಗಟ್ಟಿ ಪೊರೆಯಿದೆ. ಅದು ಒಳಪದರದ ಫೇಶಿಯಾ. ಸ್ನಾಯುವಿನೊಳಗೆ ಎಳೆ ಎಳೆಗೂ ಇನ್ನೂ ತೆಳುವಾದ ಪೊರೆಯಿದೆ. ಹೊಟ್ಟೆ, ಎದೆಯೊಳಗಿನ ಅಂಗಗಳಿಗೂ ಇಂಥ ಹೊದಿಕೆಗಳಿವೆ.

ಇವೆಲ್ಲ ಮುಖ್ಯವಾಗಿ ಕೊಲಾಜೆನ್ ಎಂಬ ಗಟ್ಟಿ ಪ್ರೋಟೀನಿನ ಎಳೆಗಳಿಂದ ಆದವು. ಪದರಗಳ ನಡುವೆ ಜಾರಿಕೆಗೆಂದು ಹೈಯಲುರಾನಿಕ್ ಆಸಿಡ್ ಇರುತ್ತದೆ. ಮುಖದ ಕ್ರೀಮಿನ ಡಬ್ಬಿಯ ಮೇಲೆ ಓದಿರುತ್ತೀರಲ್ಲ, ಅದೇ. ನಾವು ಬಗ್ಗಿದಾಗ, ಕೈ ಎತ್ತಿದಾಗ ಈ ಪದರಗಳು ಒಂದರ ಮೇಲೊಂದು ಜಾರುತ್ತವೆ.

ಬಹಳ ಕಾಲ ವೈದ್ಯಕೀಯ ವಿದ್ಯಾರ್ಥಿಗಳು ಶವ ಕೊಯ್ದು ಕಲಿಯುವಾಗ ಈ ಪೊರೆಯನ್ನು ಕೆರೆದು ಪಕ್ಕಕ್ಕಿಡುತ್ತಿದ್ದರು. ಕೆಳಗಿರುವ ಸ್ನಾಯು, ನರ ಕಾಣಬೇಕಿತ್ತು, ಪೊರೆ ಅಡ್ಡ ಬರುತ್ತಿತ್ತು. ಅದರಲ್ಲೂ ನೋವು ತಿಳಿಸುವ ನರಗಳ ತುದಿಗಳು ಸಾಕಷ್ಟಿವೆ ಎಂಬುದು ಆಮೇಲೆ ಗಮನಕ್ಕೆ ಬಂತು. ಫೇಶಿಯಾದ ಬಗ್ಗೆಯೇ ಮೊದಲ ಅಂತಾರಾಷ್ಟ್ರೀಯ ಸಂಶೋಧನಾ ಸಮ್ಮೇಳನ ಅಮೆರಿಕದ ಬಾಸ್ಟನ್‌ನಲ್ಲಿ ನಡೆದದ್ದು 2007ರಲ್ಲಿ. ಈಗಿನ ಗದ್ದಲದ ಬೇರು ಅಲ್ಲೆಲ್ಲೋ ಇದೆ.

ಈ ಪೊರೆ ಕೆಡುವ ದಾರಿಗಳು ಹಲವು. ಹೆಚ್ಚು ಭಾರ ಬಿದ್ದು ಎಳೆಗಳು ಸವೆಯಬಹುದು. ಕೊಲಾಜೆನ್ ಬೇಕಿಲ್ಲದ ಕಡೆ ಬೆಳೆದು ಗಂಟಾಗಬಹುದು. ಹಿಗ್ಗಿ ತೆಳುವಾಗಬಹುದು. ಉರಿಯೂತದಿಂದ ದಪ್ಪವಾಗಬಹುದು, ಸೋಂಕು ತಗುಲಬಹುದು. ಒಂದು ಸಲ ಅದು ಸುಮ್ನೆ ತನ್ನ ಗಟ್ಟಿತನದಿಂದಲೇ ಅಪಾಯ ತರುತ್ತದೆ. ಅದನ್ನು ಮುಂದೆ ನೋಡೋಣ.

## ಬೆಳಗಿನ ಮೊದಲ ಹೆಜ್ಜೆ

ಫೇಶಿಯಾ ತೊಂದರೆಗಳಲ್ಲಿ ನಮಗೆಲ್ಲ ಹೆಚ್ಚು ಪರಿಚಯವಿರುವುದು ಹಿಮ್ಮಡಿ ನೋವು. ಹಿಮ್ಮಡಿ ಮೂಳೆಯಿಂದ ಹೊರಟು ಕಾಲ್ಬೆರಳ ಬುಡದವರೆಗೆ ಅಂಗಾಲಿನುದ್ದಕ್ಕೂ ಒಂದು ದಪ್ಪ ಪಟ್ಟಿ ಹಾಸಿದೆ. ಪಾದದ ಕಮಾನನ್ನು ಎತ್ತಿ ಹಿಡಿಯುವುದು ಅದರ ಕೆಲಸ. ಅದರ ತೊಂದರೆಗೆ ಪ್ಲಾಂಟರ್ ಫೇಶಿಯೈಟಿಸ್ ಎಂದು ಹೆಸರು. ಹತ್ತರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಬರುತ್ತದೆಂಬ ಅಂದಾಜಿದೆ. ನಲವತ್ತರಿಂದ ಅರವತ್ತರ ವಯಸ್ಸಿನಲ್ಲಿ ಜಾಸ್ತಿ.

ಇದರ ಗುರುತು ಎಷ್ಟು ಸ್ಪಷ್ಟವೆಂದರೆ, ರೋಗಿಯ ಮಾತು ಕೇಳಿಯೇ ವೈದ್ಯರು ಮುಕ್ಕಾಲು ತೀರ್ಮಾನಕ್ಕೆ ಬರುತ್ತಾರೆ. ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟ ಕೂಡಲೇ ಹಿಮ್ಮಡಿಯ ಅಡಿಯಲ್ಲಿ, ಒಳಮಗ್ಗುಲಿಗೆ, ಮುಳ್ಳು ಚುಚ್ಚಿದಂಥ ನೋವು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಅರ್ಧ ಇಳಿದಿರುತ್ತದೆ. ಕೂತು ಕಾಫಿ ಕುಡಿದು ಎದ್ದರೆ ಮತ್ತೆ ಚುಚ್ಚುತ್ತದೆ. ಹಗಲು ಪರವಾಗಿಲ್ಲ ಅನ್ನಿಸಿ, ದಿನವಿಡೀ ನಿಂತಿದ್ದರೆ ಸಂಜೆಗೆ ತಿರುಗಿ ಬರುತ್ತದೆ. ಮಲಗಿದಾಗ ನಮ್ಮ ಪಾದ ಕೆಳಮುಖವಾಗಿ ಬಾಗಿರುತ್ತದೆ. ಹಾಗಾಗಿ ಪಟ್ಟಿ ರಾತ್ರಿಯೆಲ್ಲ ಸಡಿಲವಾಗಿ, ಗಿಡ್ಡಕ್ಕೆ ಇರುತ್ತದೆ. ಬೆಳಗಿನ ಮೊದಲ ಹೆಜ್ಜೆಗೆ ಮೈಭಾರವೆಲ್ಲ ಬಿದ್ದು ಅದು ಒಮ್ಮೆಲೇ ಎಳೆದುಕೊಳ್ಳುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಕಾಲ ಹೆಬ್ಬೆರಳನ್ನು ಕೈಯಿಂದ ಮೇಲಕ್ಕೆ, ಮೊಣಕಾಲಿನ ಕಡೆಗೆ ಬಗ್ಗಿಸಿ. ಅಂಗಾಲಿನ ಪಟ್ಟಿ ಬಿಗಿದು ಕಮಾನು ಮೇಲೇಳುತ್ತದೆ. ಈ ಏರ್ಪಾಡನ್ನು ಬ್ರಿಟನ್ನಿನ ಹಿಕ್ಸ್ 1954ರಲ್ಲಿ ವಿವರಿಸಿದರು. ಹಾಗೆ ಬಗ್ಗಿಸಿದಾಗ ಹಿಮ್ಮಡಿಯ ಅದೇ ಜಾಗದಲ್ಲಿ ನೋವೆದ್ದರೆ ಅನುಮಾನ ಬಲವಾಗುತ್ತದೆ. ಬಗ್ಗಿಸಿದಾಗ ನೋವು ಬರದಿದ್ದರೆ ಈ ತೊಂದರೆ ಇಲ್ಲವೇ ಇಲ್ಲ ಎನ್ನಲಾಗದು.

ಹಿಮ್ಮಡಿ ನೋವೆಲ್ಲ ಫೇಶಿಯಾದ್ದೇ ಅಲ್ಲ, ಇಲ್ಲಿ ಎಡವುವವರು ಬಹಳ. ಹಿಮ್ಮಡಿಯ ಎರಡೂ ಪಕ್ಕ ಹಿಡಿದು ಅದುಮಿದರೆ ಜೀವ ಹೋಗುವಷ್ಟು ನೋವಾಗುತ್ತದೆಯೇ? ಮೂಳೆಯಲ್ಲಿ ಕೂದಲೆಳೆಯ ಬಿರುಕಿರಬಹುದು. ರಾತ್ರಿ ಮಲಗಿದಾಗ ಎರಡೂ ಅಂಗಾಲು ಉರಿಯುತ್ತದೆಯೇ, ಜೋಮು ಹಿಡಿಯುತ್ತದೆಯೇ? ಅದು ನರದ ತೊಂದರೆ, ಶುಗರ್ ಇದ್ದವರಲ್ಲಿ ಸಾಮಾನ್ಯ. ಇಪ್ಪತ್ತು, ಮೂವತ್ತರ ವಯಸ್ಸಿನವರಿಗೆ ಎರಡೂ ಹಿಮ್ಮಡಿ ನೋವು, ಅದರ ಜೊತೆ ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಸೊಂಟ ಬಿಗಿದಿರುವುದು ಇದ್ದರೆ ಅದು ಬೆನ್ನುಮೂಳೆಯ ಸಂಧಿವಾತದ ಸುಳಿವಾಗಿರಬಹುದು. ಇದಕ್ಕೆ ರಕ್ತಪರೀಕ್ಷೆ ಬೇಕು, ಚಪ್ಪಲಿ ಬದಲಿಸಿ ಕೂತರೆ ಆಗದು.

ಎಕ್ಸ್‌ರೇ ನೋಡಿ "ಮೂಳೆ ಬೆಳೆದಿದೆ" ಎಂದು ಹೆದರುವವರಿಗೂ ಒಂದು ಮಾತು. ಹಿಮ್ಮಡಿಯಲ್ಲಿ ಚಿಕ್ಕ ಮುಳ್ಳಿನಂತೆ ಮೂಳೆ ಬೆಳೆದಿರುವುದು ಯಾವ ನೋವೂ ಇಲ್ಲದ ಎಷ್ಟೋ ಜನರಲ್ಲಿ ಕಾಣುತ್ತದೆ. ಎಕ್ಸ್‌ರೇಯಲ್ಲಿ ಫೇಶಿಯಾ ಕಾಣುವುದೇ ಇಲ್ಲ. ಅದನ್ನು ನೋಡಲು ಅಲ್ಟ್ರಾಸೌಂಡ್ ಬೇಕು. ಅದರಲ್ಲಿ ಪಟ್ಟಿ 4 ಮಿಲಿಮೀಟರ್‌ಗಿಂತ ದಪ್ಪವಾಗಿದ್ದರೆ ತೊಂದರೆಯ ಗುರುತೆಂದು ಲೆಕ್ಕ. ಫೇಶಿಯೈಟಿಸ್ ಎಂದರೆ ಫೇಶಿಯಾದ ಉರಿಯೂತ. ಹೆಸರಿನಲ್ಲಿ ಹೀಗೆ ಉರಿಯೂತ ಇದ್ದರೂ, ಹಳೆಯ ಹಿಮ್ಮಡಿ ನೋವಿಗೆ ಆಪರೇಷನ್ ಮಾಡಿಸಿಕೊಂಡವರ ತುಣುಕುಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉರಿಯೂತ ಸಿಗಲಿಲ್ಲ. ಸಿಕ್ಕಿದ್ದು ಸವೆದು ಅಸ್ತವ್ಯಸ್ತವಾದ ಕೊಲಾಜೆನ್ ಎಳೆಗಳು. ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗಿದರೂ ಹಿಮ್ಮಡಿ ಸರಿಹೋಗದಿರುವುದು ಏಕೆ ಎಂದು ಇದರಿಂದ ಅರ್ಥವಾಗುತ್ತದೆ.

ನಮ್ಮ ಮನೆಗಳ ಗ್ರಾನೈಟ್, ಟೈಲ್ಸ್ ನೆಲದ ಮೇಲೆ ಬರಿಗಾಲಲ್ಲಿ ದಿನವಿಡೀ ನಿಲ್ಲುವವರಿಗೆ ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿಕೊಳ್ಳಿ ಎಂದು ವೈದ್ಯರು ಹೇಳುವುದು ಇದಕ್ಕೇ. ಅಡುಗೆಮನೆಗೆ ಚಪ್ಪಲಿಯೇ ಎಂದು ಅತ್ತೆಯವರು ಗೊಣಗಬಹುದು. ಅದಕ್ಕೆಂದೇ ಹೊಸದೊಂದು ಜೊತೆ ತಂದಿಟ್ಟುಕೊಂಡರೆ ಆಯಿತು.

## ಅಂಗೈಯಲ್ಲಿ ಗುಳಿ, ಬೆರಳಲ್ಲಿ ಬಾಗು

ಅಂಗಾಲಿನಲ್ಲಿ ಇರುವಂಥದ್ದೇ ಪಟ್ಟಿ ಅಂಗೈಯಲ್ಲೂ ಇದೆ. ಅದು ಕೆಡುವ ರೀತಿ ಬೇರೆ. ಪ್ಯಾರಿಸ್ಸಿನ ಶಸ್ತ್ರವೈದ್ಯ ಗಿಯೋಮ್ ಡ್ಯುಪುಯಿತ್ರೆನ್ 1831ರಲ್ಲಿ ಇದನ್ನು ವಿವರಿಸಿದ್ದರಿಂದ ಅವರದೇ ಹೆಸರು ಉಳಿದಿದೆ. ಇಲ್ಲಿ ನೋವೇ ಇರುವುದಿಲ್ಲ, ಅಥವಾ ಬಹಳ ಕಡಿಮೆ. ಹಾಗಾಗಿ ವರ್ಷಗಟ್ಟಲೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಮೊದಲು ಅಂಗೈಯಲ್ಲಿ, ಉಂಗುರ ಬೆರಳಿನ ಬುಡಕ್ಕೆ ಒಂದು ಗಟ್ಟಿ ಗಂಟು ಸಿಗುತ್ತದೆ. ಪಕ್ಕದಲ್ಲಿ ಚರ್ಮ ಒಳಕ್ಕೆ ಎಳೆದುಕೊಂಡು ಚಿಕ್ಕ ಗುಳಿ ಬೀಳುತ್ತದೆ. ಕೆಲಸ ಮಾಡಿ ಆಣಿಯಾಗಿದೆ ಎಂದುಕೊಳ್ಳುತ್ತೇವೆ. ನಿಧಾನಕ್ಕೆ ಗಂಟಿನಿಂದ ಬೆರಳಿನ ಕಡೆಗೆ ದಪ್ಪ ಎಳೆಯೊಂದು ಎದ್ದು ಕಾಣುತ್ತದೆ. ಉಂಗುರ ಬೆರಳೋ ಕಿರುಬೆರಳೋ ಅಂಗೈ ಕಡೆಗೆ ಬಾಗತೊಡಗುತ್ತದೆ. ಇನ್ನೊಂದು ಕೈಯಿಂದ ಎಳೆದರೂ ನೆಟ್ಟಗಾಗುವುದಿಲ್ಲ. ಮುಖ ತೊಳೆಯುವಾಗ ಬೆರಳು ಕಣ್ಣಿಗೆ ಚುಚ್ಚುವುದು, ಪ್ಯಾಂಟಿನ ಜೇಬಿಗೆ ಕೈ ಹೋಗದಿರುವುದು ಎಂದೆಲ್ಲ ಆದಾಗ ಜನ ವೈದ್ಯರ ಬಳಿ ಬರುತ್ತಾರೆ.

ಇದಕ್ಕೊಂದು ಸುಲಭದ ಪರೀಕ್ಷೆಯಿದೆ. ಅಂಗೈಯನ್ನು ಮೇಜಿನ ಮೇಲೆ ಬೋರಲಾಗಿ ಒತ್ತಿ. ಅಂಗೈ, ಬೆರಳು ಎಲ್ಲ ಮೇಜಿಗೆ ತಾಗಿದರೆ ಸದ್ಯಕ್ಕೆ ಚಿಂತೆಯಿಲ್ಲ. ಕೆಳಗೆ ಸಂದಿ ಉಳಿದರೆ ಕೈ ವೈದ್ಯರಿಗೆ ತೋರಿಸುವ ಸಮಯ ಬಂದಿದೆ. ಬಾಗಿದ ಬೆರಳು ಟಕ್ ಎಂದು ಸಿಕ್ಕಿಕೊಂಡು, ಎಳೆದರೆ ಮತ್ತೆ ಟಕ್ ಎಂದು ಬಿಡಿಸಿಕೊಂಡರೆ ಅದು ಈ ಕಾಯಿಲೆಯಲ್ಲ. ಅದಕ್ಕೆ ಟ್ರಿಗರ್ ಫಿಂಗರ್ ಎನ್ನುತ್ತಾರೆ, ತೊಂದರೆ ಇರುವುದು ಬೆರಳು ಎಳೆಯುವ ಸ್ನಾಯುರಜ್ಜುವಿನಲ್ಲಿ.

ಉತ್ತರ ಯೂರೋಪಿನ ಮೂಲದವರಲ್ಲಿ ಡ್ಯುಪುಯಿತ್ರೆನ್ ಹೆಚ್ಚು. ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ 1986ರಲ್ಲಿ ಇದಕ್ಕೆ ಕೈ ಆಪರೇಷನ್ ಮಾಡಿಸಿಕೊಂಡಿದ್ದರು. ನಮ್ಮಲ್ಲಿ ಇದು ಕಡಿಮೆ. ಆದರೆ ಸಕ್ಕರೆ ಕಾಯಿಲೆ ಇದ್ದವರಿಗೆ ಬರುವ ಸಾಧ್ಯತೆ ಏರುತ್ತದೆ, ಮತ್ತು ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಕಡಿಮೆಯಿಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಅಂದಾಜಿನಂತೆ 10 ಕೋಟಿಗೂ ಹೆಚ್ಚು ಜನ. ಅವರು ದಿನಾ ಕಾಣಬಹುದಾದ ಇನ್ನೊಂದು ಗುರುತೂ ಇದೆ. ಕೈ ಮುಗಿದು ನೋಡಿ. ಎರಡೂ ಅಂಗೈ, ಹತ್ತೂ ಬೆರಳು ಪೂರ್ತಿ ಕೂಡಬೇಕು. ಎಷ್ಟು ಒತ್ತಿದರೂ ಬೆರಳುಗಳ ನಡುವೆ ಸಂದಿ ಉಳಿದರೆ, ಕೈ ಚರ್ಮ ದಪ್ಪಗೆ, ಬಿಗಿಯಾಗಿದ್ದರೆ, ರಕ್ತದ ಸಕ್ಕರೆ ಬಹುಕಾಲ ಏರಿದ್ದು ಕೈಯ ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಅಂಟಿಸಿದೆ ಎಂದರ್ಥ. ವೈದ್ಯಕೀಯ ಪುಸ್ತಕಗಳಲ್ಲಿ ಇದಕ್ಕೆ ಪ್ರಾರ್ಥನೆಯ ಗುರುತು ಎಂದೇ ಹೆಸರು. ಇದು ಕಂಡವರು ಕಣ್ಣು, ಕಿಡ್ನಿಯ ಪರೀಕ್ಷೆಯನ್ನೂ ಮಾಡಿಸಿಕೊಳ್ಳುವುದು ಒಳ್ಳೆಯದು. ಕೈ ಎಳೆಗಳನ್ನು ಕೆಡಿಸಿದ ಸಕ್ಕರೆ ಅಲ್ಲಿಗೂ ಹೋಗಿರುತ್ತದೆ.

## ಕತ್ತು, ಭುಜ, ಸೊಂಟದ ಗಂಟುಗಳು

"ಫೇಶಿಯಾ ಟೈಟ್" ಎಂಬ ಮಾತು ಹೆಚ್ಚು ಓಡಾಡುವುದು ಇಲ್ಲೇ. ಸಾಕ್ಷಿ ಹೆಚ್ಚು ತೆಳ್ಳಗಿರುವುದೂ ಇಲ್ಲೇ.

ಲ್ಯಾಪ್‌ಟಾಪಿನ ಮುಂದೆ ಎಂಟು ಗಂಟೆ ಕೂತವರ ಭುಜದ ಮೇಲ್ಭಾಗ ಒತ್ತಿ ನೋಡಿದರೆ ಬಿಗಿದ ಎಳೆಯೊಂದು, ಅದರಲ್ಲಿ ಕಡಲೆಯಷ್ಟು ಗಂಟು ಸಿಗುವುದುಂಟು. ಒತ್ತಿದಾಗ ನೋವು ಅಲ್ಲೇ ನಿಲ್ಲದೆ ಕತ್ತಿನ ಪಕ್ಕದಿಂದ ಕಣತಲೆಯವರೆಗೆ ಹೋಗುತ್ತದೆ. ಇದಕ್ಕೆ ಟ್ರಿಗರ್ ಪಾಯಿಂಟ್ ಎಂದು ಹೆಸರು ಕೊಟ್ಟು ಜನಪ್ರಿಯ ಮಾಡಿದವರು ಅಮೆರಿಕದ ವೈದ್ಯೆ ಜಾನೆಟ್ ಟ್ರಾವೆಲ್. ಅಧ್ಯಕ್ಷ ಕೆನಡಿಯವರ ಬೆನ್ನುನೋವಿಗೆ ಚಿಕಿತ್ಸೆ ಕೊಟ್ಟವರು, ಆಮೇಲೆ ಶ್ವೇತಭವನದ ವೈದ್ಯರೂ ಆದರು. ಇಂಥ ನೋವಿನ ಲಕ್ಷಣಗಳು ಇಷ್ಟು: ಒಂದೇ ಭಾಗದಲ್ಲಿ ಮಂಕಾದ, ಆಳದ ನೋವು. ಒತ್ತಿದರೆ ಅದೇ ನೋವು ಬೇರೆ ಕಡೆಗೂ ಹರಿಯುವುದು. ಆ ಭಾಗವನ್ನು ಪೂರ್ತಿ ತಿರುಗಿಸಲು, ಚಾಚಲು ಕಷ್ಟ. ಬಿಸಿನೀರಿನ ಶಾಖಕ್ಕೆ, ಓಡಾಟಕ್ಕೆ ಇಳಿಯುವುದು.

ನೋವು ನಿಜ, ಅದರಲ್ಲಿ ತಕರಾರಿಲ್ಲ. ಆದರೆ ಅದು ಪೊರೆಯದೋ, ಸ್ನಾಯುವಿನದೋ, ನರದ್ದೋ ಎಂಬುದರಲ್ಲಿ ತಜ್ಞರಲ್ಲೇ ಒಮ್ಮತವಿಲ್ಲ. ಒಬ್ಬರೇ ರೋಗಿಯನ್ನು ಇಬ್ಬರು ಪರೀಕ್ಷಿಸಿದರೆ ಗಂಟು ಬೇರೆ ಬೇರೆ ಜಾಗದಲ್ಲಿ ಸಿಗುವುದೂ ಇದೆ. ಸೊಂಟದ ವಿಷಯದಲ್ಲಿ ಸ್ವಲ್ಪ ಗಟ್ಟಿ ಸಾಕ್ಷಿಯಿದೆ. ಸೊಂಟದ ಹಿಂದೆ ದಪ್ಪನೆಯ, ಹಲವು ಪದರಗಳ ಫೇಶಿಯಾ ಇದೆ. ಹೆಲೆನ್ ಲ್ಯಾಂಜೆವಿನ್ ಮತ್ತು ಜೊತೆಗಾರರು 2011ರಲ್ಲಿ ಅಲ್ಟ್ರಾಸೌಂಡ್ ಇಟ್ಟು ನೋಡಿದಾಗ, ಬಹುಕಾಲದ ಸೊಂಟನೋವು ಇದ್ದವರಲ್ಲಿ ಈ ಪದರಗಳು ಒಂದರ ಮೇಲೊಂದು ಜಾರುವುದು ಸುಮಾರು ಶೇಕಡಾ 20ರಷ್ಟು ಕಡಿಮೆ ಇತ್ತು. ಜಾರದ್ದರಿಂದ ನೋವು ಬಂತೋ, ನೋವಿಗೆ ಹೆದರಿ ಬಗ್ಗದೇ ಇದ್ದುದರಿಂದ ಜಾರುವುದು ನಿಂತಿತೋ ಎಂದು ಆ ಅಧ್ಯಯನ ಹೇಳುವುದಿಲ್ಲ.

ಸೊಂಟದಿಂದ ಶುರುವಾಗಿ ಮೊಣಕಾಲಿನ ಕೆಳಗೂ ಕರೆಂಟು ಹೊಡೆದಂತೆ ಹರಿಯುವ ನೋವು, ಜೋಮು, ಪಾದ ಎತ್ತಲಾಗದಿರುವುದು ಇದ್ದರೆ ಅದು ನರ ಒತ್ತಿಕೊಂಡಿರುವ ಗುರುತು. ಸೊಂಟನೋವಿನ ಜೊತೆ ಮೂತ್ರ, ಮಲದ ಹಿಡಿತ ತಪ್ಪಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬ್ಲೌಸಿನ ಹಿಂದಿನ ಹುಕ್ಕು ಹಾಕಲಾಗದಷ್ಟು, ತಲೆ ಬಾಚಲಾಗದಷ್ಟು ಭುಜ ಬಿಗಿದಿದ್ದರೆ ಅದು ಭುಜದ ಕೀಲಿನ ಚೀಲದ ತೊಂದರೆ, ಫ್ರೋಜನ್ ಶೋಲ್ಡರ್. ಇದೂ ಶುಗರ್ ಇದ್ದವರಿಗೆ ಹೆಚ್ಚು. ಇವುಗಳಲ್ಲಿ ಯಾವುದನ್ನೂ "ಫೇಶಿಯಾ" ಎಂದು ತೀಡಿಸಿಕೊಂಡು ಕಾಲ ಕಳೆಯಬಾರದು.

## ಹೆರಿಗೆಯಾದ ಮೇಲಿನ ಹೊಟ್ಟೆ

ಹೊಟ್ಟೆಯ ನಟ್ಟನಡುವೆ, ಎದೆಗೂಡಿನ ತುದಿಯಿಂದ ಕೆಳಗಿನವರೆಗೆ, ಎಡಬಲದ ಸ್ನಾಯುಗಳನ್ನು ಕೂಡಿಸುವ ಗೆರೆಯೊಂದಿದೆ. ಅದು ಪೂರ್ತಿ ಫೇಶಿಯಾದ್ದೇ. ಬಸಿರಿನಲ್ಲಿ ಅದು ಹಿಗ್ಗಿ, ಅಗಲವಾಗಿ, ತೆಳುವಾಗುತ್ತದೆ. ನಾರ್ವೆಯಲ್ಲಿ ಚೊಚ್ಚಲ ಬಸುರಿಯರನ್ನು ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹೆರಿಗೆಯಾಗಿ ಆರು ವಾರಕ್ಕೆ ಶೇಕಡಾ 60ರಷ್ಟು ಮಂದಿಯಲ್ಲಿ ಸ್ನಾಯುಗಳ ನಡುವೆ ಸಂದು ಉಳಿದಿತ್ತು. ವರ್ಷದ ಹೊತ್ತಿಗೆ ಅದು ಮೂವರಲ್ಲಿ ಒಬ್ಬರಿಗಿಳಿದಿತ್ತು.

ನೋಡುವ ಬಗೆ ಹೀಗೆ. ಮೊಣಕಾಲು ಮಡಚಿ ಅಂಗಾತ ಮಲಗಿ, ತಲೆ, ಭುಜ ಸ್ವಲ್ಪ ಎತ್ತಿ. ಹೊಕ್ಕಳಿನ ಮೇಲೆ ಕೆಳಗೆ ಬೆರಳು ಅಡ್ಡವಾಗಿಟ್ಟು ಒತ್ತಿ. ಎರಡು ಬೆರಳಿಗಿಂತ ಅಗಲದ ಮೆತ್ತನೆಯ ಸಂದು ಸಿಕ್ಕರೆ, ಅಥವಾ ಏಳುವಾಗ ಹೊಟ್ಟೆಯ ನಡುವೆ ಉದ್ದಕ್ಕೆ ದಿಬ್ಬವೆದ್ದರೆ, ಸ್ನಾಯುಗಳು ಇನ್ನೂ ಕೂಡಿಲ್ಲ. ನಮ್ಮಲ್ಲಿ ಬಾಣಂತಿಯರಿಗೆ ಹೊಟ್ಟೆ ಕಟ್ಟುವುದು ಹಳೆಯ ಪದ್ಧತಿ. ಕಟ್ಟಿದಾಗ ಆಸರೆ ಸಿಕ್ಕಿ ಹಾಯೆನಿಸುತ್ತದೆ, ಆದರೆ ಒಳಗಿನ ಸ್ನಾಯುಗಳಿಗೆ ಬಲ ಬರುವುದು ಫಿಸಿಯೋಥೆರಪಿಸ್ಟ್ ಹೇಳಿಕೊಡುವ ವ್ಯಾಯಾಮದಿಂದ.

ಈ ಸಂದಿನಲ್ಲಿ ಏನೂ ಹೊರಬಂದಿರುವುದಿಲ್ಲ. ಹೊಕ್ಕಳಲ್ಲೋ, ಹಳೆಯ ಆಪರೇಷನ್ನಿನ ಗಾಯದಲ್ಲೋ ಕೆಮ್ಮಿದಾಗ ಗುಂಡಗೆ ಗಡ್ಡೆ ಉಬ್ಬಿ, ಮಲಗಿದರೆ ಒಳಗೆ ಹೋಗುತ್ತಿದ್ದರೆ ಅದು ಹರ್ನಿಯಾ. ಅಂದರೆ ಫೇಶಿಯಾದಲ್ಲಿ ನಿಜವಾಗಿಯೂ ತೂತಾಗಿದೆ. ಒಳಗೆ ಹೋಗುತ್ತಿದ್ದ ಗಡ್ಡೆ ಒಮ್ಮೆ ಹೊರಗೇ ನಿಂತು, ನೋವು, ವಾಂತಿ ಶುರುವಾದರೆ ತಡಮಾಡುವಂತಿಲ್ಲ.

## ಚರ್ಮ ಒಳಗಿನಿಂದ ಗಟ್ಟಿಯಾದರೆ

ಇದು ಅಪರೂಪ, ಹಾಗಾಗಿ ಚುಟುಕಾಗಿ. ಎರಡೂ ಮುಂಗೈ ಅಥವಾ ಎರಡೂ ಕಾಲು ಊದಿ, ವಾರಗಳಲ್ಲಿ ಚರ್ಮ ಗಟ್ಟಿಯಾಗಿ, ಕಿತ್ತಳೆ ಸಿಪ್ಪೆಯಂತೆ ಗುಳಿ ಗುಳಿಯಾಗುತ್ತದೆ. ಕೈ ಮೇಲೆತ್ತಿದರೆ ರಕ್ತನಾಳದ ಉದ್ದಕ್ಕೂ ಚರ್ಮ ಒಳಕ್ಕೆ ಸರಿದು ಗೆರೆ ಬೀಳುತ್ತದೆ. ಬೆರಳು, ಮುಖ ಮಾತ್ರ ಮೊದಲಿನಂತೆಯೇ ಇರುತ್ತವೆ. ಲಾರೆನ್ಸ್ ಶುಲ್ಮನ್ 1974ರಲ್ಲಿ ವಿವರಿಸಿದ ಇಯೊಸಿನೊಫಿಲಿಕ್ ಫೇಶಿಯೈಟಿಸ್ ಇದು. ರೂಢಿಯಿಲ್ಲದ ಕಠಿಣ ವ್ಯಾಯಾಮದ ನಂತರ ಶುರುವಾದದ್ದೂ ಇದೆ. ಸಂಧಿವಾತದ ತಜ್ಞರು (ರುಮಟಾಲಜಿಸ್ಟ್) ನೋಡಬೇಕಾದ ಕಾಯಿಲೆ. ಬೇಗ ಹಿಡಿದರೆ ಸ್ಟೀರಾಯ್ಡ್ ಮಾತ್ರೆಗೆ ಬಗ್ಗುತ್ತದೆ.

## ಕಾಯಬಾರದ ಎರಡು

ಮೊದಲನೆಯದರಲ್ಲಿ ಫೇಶಿಯಾ ಕೆಟ್ಟಿರುವುದೇ ಇಲ್ಲ. ಅದರ ಗಟ್ಟಿತನವೇ ತೊಂದರೆ. ಮೊಣಕಾಲ ಕೆಳಗಿನ ಸ್ನಾಯುಗಳು ನಾಲ್ಕು ಕೋಣೆಗಳಲ್ಲಿವೆ, ಗೋಡೆಗಳು ಫೇಶಿಯಾದವು. ಬೈಕಿನಿಂದ ಬಿದ್ದು ಮೂಳೆ ಮುರಿದಾಗ ಒಳಗೆ ರಕ್ತ ಸೇರಿ, ಸ್ನಾಯು ಊದುತ್ತದೆ. ಗೋಡೆ ಹಿಗ್ಗುವುದಿಲ್ಲ. ಒತ್ತಡ ಏರಿ ಸ್ನಾಯುವಿಗೆ ರಕ್ತ ಹೋಗುವುದು ನಿಲ್ಲುತ್ತದೆ. ಸುಮಾರು ಆರು ಗಂಟೆ ಕಳೆದರೆ ಸ್ನಾಯು, ನರ ಮತ್ತೆ ಚೇತರಿಸಿಕೊಳ್ಳದಷ್ಟು ಕೆಡಬಹುದು. ಇದೇ ಕಂಪಾರ್ಟ್‌ಮೆಂಟ್ ಸಿಂಡ್ರೋಮ್. ಬಿಗಿ ಕಟ್ಟಿನಿಂದ ಕೈ ಸೊಟ್ಟಗಾಗುವುದನ್ನು ಜರ್ಮನಿಯ ಫೋಕ್‌ಮನ್ 1881ರಲ್ಲೇ ಬರೆದಿದ್ದರು. ಮುರಿದ ಕೈಗೆ ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟುವ ಕಡೆಗಳಲ್ಲಿ ಈಗಲೂ ಹೀಗಾಗುತ್ತದೆ. ಆಸ್ಪತ್ರೆಯಲ್ಲಿ ಹಾಕಿದ ಪ್ಲಾಸ್ಟರಿನ ಒಳಗೂ ಆಗಬಹುದು.

ಪೆಟ್ಟಿಗೆ ತಾಳೆಯಾಗದಷ್ಟು ನೋವು ಇದರ ದೊಡ್ಡ ಗುರುತು. ಇಂಜೆಕ್ಷನ್ ಕೊಟ್ಟರೂ ಇಳಿಯದು, ಗಂಟೆ ಗಂಟೆಗೂ ಏರುತ್ತದೆ. ಕೈ ಬೆರಳನ್ನೋ ಕಾಲ್ಬೆರಳನ್ನೋ ಬೇರೆಯವರು ಮೆಲ್ಲಗೆ ಚಾಚಿದರೆ ಕಿರುಚುವಷ್ಟು ನೋವಾಗುತ್ತದೆ. ಮುಟ್ಟಿದರೆ ಮೀನಖಂಡ ಕಲ್ಲಾಗಿರುತ್ತದೆ. ಆಮೇಲೆ ಜೋಮು. ನಾಡಿ ಸಿಗುತ್ತಿದೆ, ಬೆರಳು ಬೆಚ್ಚಗಿದೆ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ನಾಡಿ ನಿಲ್ಲುವುದು ಕೊನೆಯ ಹಂತದಲ್ಲಿ. ಕಟ್ಟು, ಪ್ಲಾಸ್ಟರ್ ಕೂಡಲೇ ಬಿಡಿಸಬೇಕು. ಕಾಲನ್ನು ಎತ್ತರದ ದಿಂಬಿನ ಮೇಲಿಡದೆ ಹೃದಯದ ಮಟ್ಟದಲ್ಲಿಟ್ಟು ಆಪರೇಷನ್ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಫೇಶಿಯಾವನ್ನು ಉದ್ದಕ್ಕೆ ಸೀಳಿ ಒತ್ತಡ ಇಳಿಸುತ್ತಾರೆ. ಇದರದೇ ಸೌಮ್ಯ ರೂಪವೊಂದು ಪೊಲೀಸ್, ಸೇನೆ ಸೇರಲು ಓಟದ ತಯಾರಿ ಮಾಡುವ ಹುಡುಗರಲ್ಲಿ ಕಾಣಬಹುದು. ಓಡಿದಷ್ಟೂ ಮೊಣಕಾಲ ಕೆಳಗೆ ಬಿಗಿದು ನೋಯುತ್ತದೆ, ನಿಂತ ಅರ್ಧ ಗಂಟೆಯೊಳಗೆ ಮಾಯವಾಗುತ್ತದೆ. ಅದು ತುರ್ತಲ್ಲ, ಆದರೆ ತೋರಿಸಬೇಕಾದ್ದು.

ಎರಡನೆಯದು ಸೋಂಕು. ಪತ್ರಿಕೆಗಳು "ಮಾಂಸ ತಿನ್ನುವ ಬ್ಯಾಕ್ಟೀರಿಯಾ" ಎಂದು ಬರೆಯುವ ನೆಕ್ರೊಟೈಸಿಂಗ್ ಫೇಶಿಯೈಟಿಸ್. ಫೇಶಿಯಾಕ್ಕೆ ರಕ್ತ ಹರಿಯುವುದು ಕಡಿಮೆ. ಅಲ್ಲಿ ಬೇರೂರಿದ ಸೋಂಕು ಪೊರೆಯುದ್ದಕ್ಕೂ ಗಂಟೆಗಳಲ್ಲಿ ಹರಡುತ್ತದೆ. ಮೇಲಿನ ಚರ್ಮ ಮೊದಮೊದಲು ಸುಮಾರಾಗಿ ಚೆನ್ನಾಗಿಯೇ ಕಾಣುವುದರಿಂದ ಮೋಸ ಹೋಗುತ್ತೇವೆ. ಚಿಕ್ಕ ಗಾಯ, ಮುಳ್ಳು ಚುಚ್ಚಿದ್ದು, ಅಂಗಾಲಿನ ಬಿರುಕು ಸಾಕು ಶುರುವಾಗಲು. ಶುಗರ್ ಇದ್ದವರಿಗೆ ಅಪಾಯ ಹೆಚ್ಚು. ಗಂಡಸರಲ್ಲಿ ವೃಷಣದ ಸುತ್ತಲೂ ಇದು ಬರುತ್ತದೆ, ಮತ್ತು ಹೇಳಿಕೊಳ್ಳಲು ನಾಚಿ ತಡಮಾಡುವುದು ಅಲ್ಲೇ ಜಾಸ್ತಿ.

ಗಾಯ ಇಷ್ಟೇ ಇಷ್ಟು, ನೋವು ಮಾತ್ರ ಅಷ್ಟೆತ್ತರ. ಜ್ವರ, ವಿಪರೀತ ಸುಸ್ತು. ಚರ್ಮದ ಮೇಲಿನ ಕೆಂಪು ಬಣ್ಣ ನೋಡನೋಡುತ್ತಲೇ ಹರಡುವುದು. ಅದರ ಅಂಚಿಗೆ ಪೆನ್ನಿನಿಂದ ಗೆರೆ ಎಳೆದಿಟ್ಟರೆ ಒಂದೆರಡು ಗಂಟೆಯಲ್ಲಿ ದಾಟಿರುತ್ತದೆ. ಆಮೇಲೆ ಬಣ್ಣ ನೇರಳೆಗೆ, ಕಪ್ಪಿಗೆ ತಿರುಗಿ, ಗುಳ್ಳೆಗಳೇಳುತ್ತವೆ. ಒತ್ತಿದರೆ ಒಳಗೆ ಗಾಳಿ ತುಂಬಿದಂತೆ ಚಟಚಟ ಎನ್ನಬಹುದು. ಆಗ ನೋವು ನಿಂತರೆ ವಾಸಿಯಾಯಿತೆಂದು ತಿಳಿಯಬೇಡಿ, ನರವೇ ಸತ್ತಿರುತ್ತದೆ. ಚಿಕಿತ್ಸೆ ಸಿಕ್ಕರೂ ಐವರಲ್ಲಿ ಒಬ್ಬರವರೆಗೆ ಸಾಯುವ ಕಾಯಿಲೆ ಇದು. ಕೊಳೆತ ಪೊರೆಗೆ ರಕ್ತವೇ ಹೋಗುವುದಿಲ್ಲವಾದ್ದರಿಂದ ಬರೀ ಆಂಟಿಬಯಾಟಿಕ್ ಸಾಲದು, ಕೊಯ್ದು ತೆಗೆಯಲೇಬೇಕು. ಅರಿಶಿನ, ಮುಲಾಮು, ನಾಳೆ ನೋಡೋಣ ಎನ್ನುವುದಕ್ಕೆಲ್ಲ ಇಲ್ಲಿ ಜಾಗವಿಲ್ಲ. 108ಕ್ಕೆ ಫೋನ್ ಮಾಡಿ.

## ರೋಲರ್, ಮಸಾಜ್ ಏನು ಮಾಡುತ್ತವೆ?

ಕೈಯಿಂದ ತೀಡಿ, ಇಲ್ಲವೇ ಮೈ ಉರುಳಿಸುವ ಫೋಮ್ ರೋಲರ್‌ನಿಂದ ಒತ್ತಿ ಫೇಶಿಯಾ ಗಂಟು "ಒಡೆಯುತ್ತೇವೆ", ಅಂಟಿದ್ದನ್ನು "ಬಿಡಿಸುತ್ತೇವೆ" ಎಂದು ಹೇಳುವವರಿದ್ದಾರೆ. 2008ರಲ್ಲಿ ಸಂಶೋಧಕರು ಇದನ್ನು ಲೆಕ್ಕ ಹಾಕಿ ನೋಡಿದರು. ಅಂಗಾಲಿನ ಪಟ್ಟಿಯನ್ನೋ ತೊಡೆಯ ಹೊರಮಗ್ಗುಲಿನ ಗಟ್ಟಿ ಫೇಶಿಯಾವನ್ನೋ ಬರೀ ಶೇಕಡಾ 1ರಷ್ಟು ಅದುಮಿ ಜರುಗಿಸಬೇಕೆಂದರೂ 800 ಕಿಲೋಗಿಂತ ಹೆಚ್ಚು ಭಾರ ಬೇಕು ಎಂದು ಬಂತು. ಯಾವ ಕೈಯಲ್ಲೂ ಅಷ್ಟು ಬಲವಿಲ್ಲ. ಇದ್ದಿದ್ದರೆ ನಾವು ಎದ್ದು ಮನೆಗೆ ಬರುತ್ತಿರಲಿಲ್ಲ. ಹಾಗಾದರೆ ಮಸಾಜಿನ ಮೇಲೆ ಹಾಯೆನಿಸುವುದು ಸುಳ್ಳೇ? ಅಲ್ಲ. ಒತ್ತಿದಾಗ ನರಗಳು ನೋವಿನ ಸುದ್ದಿಯನ್ನು ಸ್ವಲ್ಪ ಹೊತ್ತು ತಗ್ಗಿಸುತ್ತವೆ, ಸ್ನಾಯು ಸಡಿಲಿಸಿಕೊಳ್ಳುತ್ತದೆ. ಎಣ್ಣೆ ಸ್ನಾನದ ಸುಖವನ್ನು ಯಾರೂ ಅಲ್ಲಗಳೆಯಬೇಕಿಲ್ಲ. ಅದಕ್ಕೆ ಸಾವಿರಾರು ರೂಪಾಯಿಯ ಪ್ಯಾಕೇಜ್ ಕಟ್ಟುವ ಮುನ್ನ ಒಮ್ಮೆ ಯೋಚಿಸಿ, ಅಷ್ಟೇ. ಮೈ ನೀಲಿಗಟ್ಟುವಷ್ಟು ಉಜ್ಜಿಸಿಕೊಳ್ಳುವುದಂತೂ ಬೇಡ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ.

## ವೈದ್ಯರ ಬಳಿ ಹೋದಾಗ

"ಫೇಶಿಯಾ ತೊಂದರೆ ಇರಬಹುದು" ಎಂದು ಹೇಳುವುದಕ್ಕಿಂತ ನೋವಿನ ನಡವಳಿಕೆ ಹೇಳಿ. ಎಲ್ಲಿ ಎಂದು ಒಂದೇ ಬೆರಳಿಟ್ಟು ತೋರಿಸಿ. ಬೆಳಿಗ್ಗೆಯೋ ಸಂಜೆಯೋ, ವಿಶ್ರಾಂತಿಯಲ್ಲಿ ಏರುತ್ತದೋ ಇಳಿಯುತ್ತದೋ, ಶುಗರ್, ಥೈರಾಯ್ಡ್ ಇದೆಯೋ ತಿಳಿಸಿ. ಹಿಮ್ಮಡಿಗೆ ಮೂಳೆ ವೈದ್ಯರು ಸಾಕು. ಹೆಚ್ಚಿನ ಸಲ ಸ್ಕ್ಯಾನ್ ಬೇಕಾಗುವುದೂ ಇಲ್ಲ. ಹಿಮ್ಮಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಬೇಕೆಂದರೆ, ಕೆಲವು ವಾರ ಆರಾಮ ಸಿಗುತ್ತದೆ, ಆದರೆ ಪಟ್ಟಿ ಹರಿಯುವ ಅಪಾಯವೂ ಇದೆ ಎಂಬುದನ್ನು ಕೇಳಿ ತಿಳಿದುಕೊಳ್ಳಿ.

ವ್ಯಾಯಾಮ ನಿಧಾನಕ್ಕೆ ಕೆಲಸ ಮಾಡುತ್ತದೆ. ಡೆನ್ಮಾರ್ಕಿನಲ್ಲಿ 2014ರ ಒಂದು ಅಧ್ಯಯನದಲ್ಲಿ ರೋಗಿಗಳು ಕಾಲ್ಬೆರಳ ಕೆಳಗೆ ಸುತ್ತಿದ ಟವೆಲ್ ಇಟ್ಟುಕೊಂಡು, ಮೆಟ್ಟಿಲಂಚಿನಲ್ಲಿ ನಿಂತು, ದಿನ ಬಿಟ್ಟು ದಿನ ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ ಮಾಡಿದರು. ಮೂರು ತಿಂಗಳಿಗೆ ಅವರ ನೋವು ಬರೀ ಎಳೆತದ ವ್ಯಾಯಾಮ ಮಾಡಿದವರಿಗಿಂತ ಹೆಚ್ಚು ಇಳಿದಿತ್ತು. ವರ್ಷದ ಹೊತ್ತಿಗೆ ಎರಡೂ ಗುಂಪಿನವರು ಸಮ ಸಮ. ಕೊಲಾಜೆನ್ ಎಳೆ ಹೊಸದಾಗಿ ಹೆಣೆದುಕೊಳ್ಳಲು ತಿಂಗಳುಗಳೇ ಬೇಕು, ಹತ್ತು ದಿನ ಮಾಡಿ "ಏನೂ ಗುಣವಾಗಲಿಲ್ಲ" ಎಂದು ಬಿಡುವವರೇ ಹೆಚ್ಚು.